‘ನಮ್ಮ ಗೌಡ್ರ ಬಲಗಾಲು ಭಾರಿ ತೂಕ ಕಣಣ್ಣ’

(ಸಾತನೂರು ಸರ್ಕಲ್ಲಿನಲ್ಲಿ ನಿಂತಿದ್ದ 2014ರ ಪೆಟ್ರೋಲ್ ಕಾರಿನೊಂದಿಗೆ ಕಾಲ್ಪನಿಕ ಸಂದರ್ಶನ. ಮಾಲೀಕರು ಟೀ ಕುಡಿಯಲು ಇಳಿದಿದ್ದರು. ಎಂಜಿನ್ ಆಫ್ ಮಾಡಿರಲಿಲ್ಲ, ಆದ್ದರಿಂದಲೇ ಅದು ಮಾತಿಗೆ ಸಿಕ್ಕಿತು.)

ನಾವು: ಲೀಟರಿಗೆ ಎಷ್ಟು ಕೊಡ್ತೀರಿ?

ಕಾರು: ನನ್ನ ಕೇಳ್ಬೇಡಿ, ಗೌಡ್ರ ಪಾದ ಕೇಳಿ. ನಿಂತಲ್ಲೇ ಉರೀತಾ ಇವ್ನಿ, ಏಸಿ ಬೇರೆ ಆನು. ಹಿಂಗೆ ನಿಂತ್ರೆ ಗಂಟೆಗೆ ಅರ್ಧ ಲೀಟ್ರಿಗೂ ಮೇಲೆ ಒಯ್ತದೆ, ಕಿಲೋಮೀಟ್ರು ಸೊನ್ನೆ. ಕಬ್ಬಾಳಮ್ಮನ ಗುಡಿ ತಾವೂ ಇದೇ ಕತೆ. ಅವ್ರು ಕ್ಯೂನಲ್ಲಿ ನಿಂತವ್ರೆ, ನಾನು ಹೊರಗೆ ಗುರ್‌ಗುಟ್ತಾ ಇರ್ತೀನಿ.

ನಾವು: ಆದರೂ ಪ್ರೀಮಿಯಂ ಪೆಟ್ರೋಲನ್ನೇ ಹಾಕಿಸುತ್ತಾರಂತಲ್ಲ?

ಕಾರು: ಬಂಕಲ್ಲಿ ಹಿಂದೆ ನಿಂತೋರು ನೋಡ್ಬೇಕಲ್ಲ! ಆಕ್ಟೇನ್ ಅಂದ್ರೆ ತಾಕತ್ತು ಅಂದ್ಕಂಡವ್ರೆ. ಅದು ಬರೀ ತಾಳ್ಮೆ. ಸಿಲಿಂಡರಿನಲ್ಲಿ ಅದುಮಿದ್ರೂ ಕಿಡಿಯ ಬೆಂಕಿ ತಲುಪೋಕೆ ಮುಂಚೆ ತಾನಾಗೇ ಸಿಡೀದೆ ಇರೋ ಗುಣ. ದೊಡ್ಡ ಒತ್ತಡದ ಎಂಜಿನ್ನಿಗೆ ಅದು ಬೇಕು. ನನ್ನ ಕೈಪಿಡಿ ಕೇಳೋದು 91. ಎಥನಾಲ್ ಬೆರೆತ ಮೇಲೆ ಸಾದಾ ಪೆಟ್ರೋಲೇ 95ರ ಹತ್ರ ಅಂತ ಸಚಿವಾಲಯ ಹೇಳ್ತದೆ. ಪ್ರೀಮಿಯಂ ಅನ್ನೋ ಬರೀ ಹೆಸರಿಂದ ಏನಾಗ್ತದೆ? ನಮ್ಮ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ರಲ್ಲ, ಸಾತನೂರಿಂದ ಬೆಂಗಳೂರು ಒಂದು ಗೇಣಾದ್ರೂ ಹತ್ರ ಬಂತಾ?

ನಾವು: ಎಥನಾಲ್ ಬಗ್ಗೆ ತಕರಾರಿದೆಯೇ?

ಕಾರು: ಈಗಿನ ಇ20 ಪೆಟ್ರೋಲಲ್ಲಿ ಅದು ಐದರಲ್ಲೊಂದು ಪಾಲು. ಕಬ್ಬು, ಅಕ್ಕಿ, ಮುಸುಕಿನ ಜೋಳದಿಂದ ಇಳಿಸಿದ್ದು. ಕುಡಿದು ಓಡಿಸ್ಬೇಡಿ ಅಂತ ಪೊಲೀಸ್ರು ಗೌಡ್ರಿಗೆ ಹೇಳ್ತಾರೆ, ನನಗೆ ಕುಡಿಸೇ ಓಡಿಸ್ತಾರೆ. ಎಥನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಮ್ಮಿ. ಇ20ಗೆ ತಯಾರಾಗದ ನಮ್ಮಂಥ ಹಳಬರಿಗೆ ಮೈಲೇಜು ಶೇಕಡಾ 3ರಿಂದ 6 ಇಳೀಬೋದು ಅಂತ ಸರ್ಕಾರವೇ ಒಪ್ಪಿದೆ. ಅಷ್ಟು ನಿಜ. ಗೌಡ್ರು ಮಾತ್ರ ಮಿಕ್ಕಿದ್ದನ್ನೂ ಅದರ ತಲೆಗೇ ಕಟ್ತಾರೆ.

ನಾವು: ಮಿಕ್ಕಿದ್ದು ಅಂದರೆ?

ಕಾರು: ಕನಕಪುರ ರಸ್ತೆ! ಯಾವುದಾದ್ರೂ ಲೀಡರ್ ಗಾಡಿ ಕಂಡ್ರೆ ಸಾಕು, ಹಿಂದೇನೇ. ಸಾತನೂರು ವಿಧಾನಸಭಾ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಹೋಯ್ತು, ಬೆಂಗಾವಲಿನ ಚಟ ಹೋಗ್ಲಿಲ್ಲ. 80ರಲ್ಲಿ ಎದುರಾಗೋ ಗಾಳಿ 110ಕ್ಕೆ ಹೆಚ್ಚುಕಮ್ಮಿ ಎರಡರಷ್ಟು ತಡೀತದೆ. ಆಮೇಲೆ ಹಂಪು ಕಂಡು ಗಕ್ಕಂತ ಬ್ರೇಕು. ಅಷ್ಟು ದುಡ್ಡು ಕೊಟ್ಟು ತಗಂಡ ವೇಗ ಬ್ರೇಕಿನ ಬಿಸಿ ಆಗೋಯ್ತದೆ. ಮತ್ತೆ ಆಕ್ಸಿಲರೇಟರ್ ತಳಮಟ್ಟ.

ನಾವು: ಉಳಿತಾಯದ ಪ್ರಯತ್ನವೇ ಇಲ್ಲವೇ?

ಕಾರು: ಐತಲ್ಲ, ಅದು ಇನ್ನೂ ಮಜಾ. ಸಂಗಮದ ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ ‘ಫ್ರೀ’ ಅಂತಾರೆ. ಗೇರಲ್ಲೇ ಇಟ್ಟು ಕಾಲು ತೆಗೆದಿದ್ರೆ ನಾನು ಪೆಟ್ರೋಲೇ ನಿಲ್ಲಿಸ್ತಿದ್ದೆ, ಚಕ್ರವೇ ಎಂಜಿನ್ ತಿರುಗಿಸ್ತಿತ್ತು. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಆರದಂಗೆ ಕುಡೀತಾನೇ ಇರ್ಬೇಕು. ಹಿಡಿತವೂ ತಪ್ತದೆ. ಟೈರಿಗೆ ಗಾಳಿ ಹಾಕಿಸಿದ್ದು ಯುಗಾದೀಲಿ. ನಿಂಬೆಹಣ್ಣು ಮಾತ್ರ ಅಮಾಸೆ ಅಮಾಸೆಗೂ ಚಕ್ರದಡಿ ತಪ್ಪಲ್ಲ.

ನಾವು: ನಿಮ್ಮನ್ನು ಮಾರುತ್ತಾರೆಂಬ ಸುದ್ದಿ ಇದೆ.

ಕಾರು: ಹೂಂ, ‘ಪೆಟ್ರೋಲ್ ಜಾಸ್ತಿ ಕುಡೀತದೆ’ ಅಂತ. ಬೋರ್ಡೂ ಬರೆಸವ್ರೆ, ಓದ್ತೀನಿ ಕೇಳಿ: ‘ಒಬ್ಬರೇ ಓಡಿಸಿದ ಗಾಡಿ. ನಿಧಾನಸ್ಥರು. ಲೀಟರಿಗೆ 22 ಗ್ಯಾರಂಟಿ.’