ಅರ್ಧ ರಾಜ್ಯ ಬೇಡ, ಸರ್ಟಿಫಿಕೇಟ್ ಸಾಕು

ಹದಿಹರೆಯದವರಿಗೆಂದು ಇಂಗ್ಲಿಷಿನಲ್ಲಿ ಬರುವ ಅಂತರಿಕ್ಷ ಸಾಹಸದ ಕಾದಂಬರಿಗಳಿಗೆ ಈಗ ಒಂದು ಸಿದ್ಧ ಅಚ್ಚಿದೆ. ಹದಿನಾರು ಹದಿನೇಳು ವಯಸ್ಸಿನ ಐದಾರು ಪೋರರು, ಒಂದು ಲಡಕಾಸಿ ನೌಕೆ, ಕಾಸು ಕೊಟ್ಟವರ ಪರ ಕಾದಾಡುವ ಕಸುಬು. ಅಪ್ಪ ಅಮ್ಮ ಮೊದಲ ಅಧ್ಯಾಯದಲ್ಲೇ ಸತ್ತಿರುತ್ತಾರೆ. ಪಾಪ, ಲೇಖಕರಿಗೂ ಬೇರೆ ದಾರಿಯಿಲ್ಲ. ಹೆತ್ತವರು ಬದುಕಿದ್ದರೆ ಎರಡನೇ ಅಧ್ಯಾಯಕ್ಕೆ ಪರ್ಮಿಷನ್ ಸಿಗುವುದಿಲ್ಲ.

ಈ ಕಥೆಯನ್ನು ಚೆನ್ನೈಗೆ ತಂದು ನೋಡಿ. ಇಲ್ಲಿ ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ. ಕ್ಯಾಪ್ಟನ್ನಿಗೆ ಬೆಳಗಿನ ಐದಕ್ಕೆ ಅಣ್ಣಾನಗರದಲ್ಲಿ ನೀಟ್ ಕೋಚಿಂಗ್. ಪೈಲಟ್ಟಿಗೆ ಸಂಜೆ ಮೈಲಾಪುರದಲ್ಲಿ ವೀಣೆ ಪಾಠ. ಸ್ಫೋಟಕ ತಜ್ಞೆಗೆ ನಾಳೆ ಕೆಮಿಸ್ಟ್ರಿ ಟೆಸ್ಟ್. ಶತ್ರುಗ್ರಹದ ಮೇಲೆ ದಾಳಿ ಮಾಡಲು ಉಳಿಯುವುದು ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಅದೂ ಅಜ್ಜಿ ನಿದ್ದೆ ಹೋದರೆ.

ಹಾಗಂತ ಈ ಊರಿಗೂ ಆಕಾಶಕ್ಕೂ ಸಂಬಂಧವಿಲ್ಲ ಎನ್ನುವಂತಿಲ್ಲ. ಶ್ರೀಹರಿಕೋಟಾ ಇಲ್ಲಿಂದ ಸುಮಾರು 100 ಕಿ.ಮೀ. ಅಣ್ಣಾ ವಿಶ್ವವಿದ್ಯಾಲಯ ಕಟ್ಟಿದ ಅನುಸ್ಯಾಟ್ ಉಪಗ್ರಹ 2009ರಲ್ಲೇ ಕಕ್ಷೆ ಸೇರಿತು. ಐಐಟಿ ಮದ್ರಾಸಿನ ಆಸರೆಯಲ್ಲಿ ಬೆಳೆದ ಅಗ್ನಿಕುಲ್ ಕಂಪನಿ, ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ಹಾಕಿದ ಎಂಜಿನ್ ಕೂರಿಸಿ 2024ರ ಮೇ 30ರಂದು ರಾಕೆಟ್ ಹಾರಿಸಿತು. ಶಾಲಾ ಮಕ್ಕಳ ಕೈಗೆ ಉಪಗ್ರಹ ಕೊಡುವ ಸ್ಪೇಸ್ ಕಿಡ್ಜ್ ಇಂಡಿಯಾ ಇರುವುದೂ ಈ ಊರಿನಲ್ಲೇ. ಪೋರರ ಪಡೆ ತಯಾರಿದೆ ಎಂದಾಯಿತು. ತಯಾರಿಲ್ಲದವರು ದೊಡ್ಡವರು.

2017ನ್ನು ನೆನಪಿಸಿಕೊಳ್ಳಿ. ಪಳ್ಳಪಟ್ಟಿಯ 18ರ ಹುಡುಗ ರಿಫಾತ್ ಶಾರೂಕ್ ಮತ್ತು ಗೆಳೆಯರು ಕಲಾಂಸ್ಯಾಟ್ ಮಾಡಿದರು. ತೂಕ 64 ಗ್ರಾಂ, ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆ. ಜೂನ್ 22ರಂದು ನಾಸಾದ ಸೌಂಡಿಂಗ್ ರಾಕೆಟ್ ಅದನ್ನು ಹೊತ್ತು ಮೇಲೇರಿತು, ಮತ್ತು ಸೌಂಡಿಂಗ್ ರಾಕೆಟ್ಟಿನ ಧರ್ಮದಂತೆ ಕೆಳಗಿಳಿಯಿತು. ಕಕ್ಷೆ ಸೇರುವುದು ಅದರ ಕೆಲಸವೇ ಆಗಿರಲಿಲ್ಲ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನಾವು. ಜಗತ್ತಿನ ಅತಿ ಹಗುರ ಉಪಗ್ರಹ ಎಂದು ಸುದ್ದಿಮನೆಗಳು ಡಂಗುರ ಹೊಡೆದವು. ಕಾರ್ಬನ್ ಫೈಬರನ್ನು ತ್ರೀಡಿ ಪ್ರಿಂಟ್ ಮಾಡಿದ ಪೆಟ್ಟಿಗೆ ಹಾರಾಟವನ್ನು ತಡೆದುಕೊಳ್ಳುತ್ತದೆಯೇ ಎಂದು ನೋಡುವುದು ಹುಡುಗರ ಪ್ರಯೋಗ. ಚೆಂದದ ಪ್ರಶ್ನೆ. ಅದನ್ನು ಕೇಳುವ ವ್ಯವಧಾನ ಯಾರಿಗಿತ್ತು? ನಮಗೆ ಬೇಕಿದ್ದದ್ದು ದಾಖಲೆ.

ಮುಂದೆ 2021ರ ಫೆಬ್ರುವರಿ 28. ಇಸ್ರೋದ ಪಿಎಸ್‌ಎಲ್‌ವಿ-ಸಿ51 ರಾಕೆಟ್ಟಿನಲ್ಲಿ ಸ್ಪೇಸ್ ಕಿಡ್ಜ್ ಇಂಡಿಯಾದ ಸತೀಶ್ ಧವನ್ ಸ್ಯಾಟ್ ಹೊರಟಿತು. ವಿಕಿರಣ ಅಳೆಯುವ ಉಪಕರಣದ ಜೊತೆಗೆ ಅದರಲ್ಲಿದ್ದದ್ದು ಭಗವದ್ಗೀತೆ, ಪ್ರಧಾನಿಯ ಭಾವಚಿತ್ರ, 25,000 ಜನರ ಹೆಸರು. ವಿಜ್ಞಾನ ಹೋಗುವ ಗಾಡಿಯಲ್ಲಿ ಒಂದಿಷ್ಟು ಜಾಗವಿದೆ ಎಂದು ಗೊತ್ತಾದರೆ ಸಾಕು, ನಾವು ಊರಿನವರದ್ದೆಲ್ಲ ಗಂಟುಮೂಟೆ ತುಂಬುತ್ತೇವೆ. ಕಾದಂಬರಿಯ ಕ್ಯಾಪ್ಟನ್ ಆಗಿದ್ದರೆ ಎಕ್ಸ್‌ಟ್ರಾ ಲಗೇಜಿಗೆ ಚಾರ್ಜ್ ಹಾಕುತ್ತಿದ್ದಳು.

ನಿಜವಾದ ದೊಡ್ಡ ಪಡೆ ಇಳಿದದ್ದು 2022ರಲ್ಲಿ. 75 ಶಾಲೆಗಳ 750 ಹುಡುಗಿಯರು, ತಲಾ 50 ಗ್ರಾಂ ಆಸುಪಾಸಿನ 75 ಪ್ರಯೋಗಗಳು, ಎಲ್ಲ ಸೇರಿ 8 ಕಿಲೊದ ಆಜಾದಿಸ್ಯಾಟ್. ಸ್ವಾತಂತ್ರ್ಯಕ್ಕೆ 75 ತುಂಬಿದ್ದರಿಂದ ಶಾಲೆಯೂ 75. ವಿಜ್ಞಾನಕ್ಕೆ ಎಷ್ಟು ಪ್ರಯೋಗ ಬೇಕು ಎಂಬುದನ್ನು ಕ್ಯಾಲೆಂಡರ್ ತೀರ್ಮಾನಿಸುವ ಪದ್ಧತಿ ಪ್ರಪಂಚಕ್ಕೆ ನಮ್ಮ ಕೊಡುಗೆ. ಸೆಲ್ಫಿ ಕ್ಯಾಮೆರಾ ಮಾತ್ರ ಮರೆಯದೆ ಇಟ್ಟಿದ್ದರು.

ಆಗಸ್ಟ್ 7ರಂದು ಅದನ್ನು ಹೊತ್ತು ಇಸ್ರೋದ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಯ ಚೊಚ್ಚಲ ಹಾರಾಟ. ಎರಡನೇ ಹಂತ ಕಳಚುವಾಗ ರಾಕೆಟ್ ಕ್ಷಣಕಾಲ ಅದುರಿತು. ಅದರ ಕಂಪ್ಯೂಟರ್, ವೇಗದ ಏರಿಳಿತ ಅಳೆಯುವ ತನ್ನ ಸೆನ್ಸರುಗಳೇ ಕೆಟ್ಟವು ಎಂದು ಗಾಬರಿಬಿದ್ದಿತು. 356 ಕಿ.ಮೀ. ಎತ್ತರದ ವೃತ್ತಕ್ಕೆ ಬದಲಾಗಿ, ಒಂದು ಕಡೆ 76 ಕಿ.ಮೀ.ಗೆ ಇಳಿಯುವ ದೀರ್ಘವೃತ್ತ ಸಿಕ್ಕಿತು. ಅಷ್ಟು ಕೆಳಗೆ ಗಾಳಿಯ ತಿಕ್ಕಾಟಕ್ಕೆ ಯಾವ ಉಪಗ್ರಹವೂ ಉಳಿಯದು. ಎಡವಿದ್ದು ರಾಕೆಟ್. ಹುಡುಗಿಯರ ಪೆಟ್ಟಿಗೆ ಬಾಯಿ ತೆರೆಯುವ ಮೊದಲೇ ಕಥೆ ಮುಗಿದಿತ್ತು. ಸಣ್ಣ ಅಲುಗಾಟಕ್ಕೆ ಇರುವ ಇಂದ್ರಿಯಗಳನ್ನೆಲ್ಲ ನಂಬದೆ ತಪ್ಪು ದಾರಿ ಹಿಡಿಯುವುದು ಯಾರ ಗುಣ ಎಂದು ಮನೆಯಲ್ಲಿ ಹದಿನಾರರ ಮಗಳಿರುವವರು ಹೇಳಬೇಕು.

ಹುಡುಗಿಯರ ಉಪಗ್ರಹ ಮತ್ತೆ ತಯಾರಾಯಿತು. ಆಜಾದಿಸ್ಯಾಟ್-2 ಸರಿಯಾಗಿ ಕಕ್ಷೆ ಸೇರಿತು. ಯಾವತ್ತು? 2023ರ ಫೆಬ್ರುವರಿ 10. ಅಂದು ಸ್ವಾತಂತ್ರ್ಯ ದಿನವೂ ಅಲ್ಲ, ಯಾರ ಜಯಂತಿಯೂ ಅಲ್ಲದ್ದರಿಂದ ನಿಮಗೆ ನೆನಪಿಲ್ಲದಿದ್ದರೆ ತಪ್ಪೇನಿಲ್ಲ.

ಈಗ ಕೂಲಿಯ ವಿಷಯ. ಬಾಡಿಗೆ ಪಡೆ ಎಂದರೆ ಮೂಗು ಮುರಿಯುವ ಅಗತ್ಯವಿಲ್ಲ. ಪಿಎಸ್‌ಎಲ್‌ವಿ ಸ್ವತಃ ಬಾಡಿಗೆ ಬಂಡಿ. 2017ರ ಫೆಬ್ರುವರಿ 15ರಂದು ಒಂದೇ ಏಟಿಗೆ ಹೊತ್ತೊಯ್ದ 104 ಉಪಗ್ರಹಗಳಲ್ಲಿ 101 ಪರದೇಶದ ಗಿರಾಕಿಗಳವು. ಅವರಿಂದ ದುಡ್ಡು ಎಣಿಸಿಕೊಂಡೇ ಹಾರಿಸಿದ್ದು. ಶಾಲು ಹೊದಿಸಿಕೊಂಡು ಬಿಟ್ಟಿ ಹಾರಿಸಿದ್ದಲ್ಲ. ಅದಕ್ಕೆ ನಾವೆಲ್ಲ ಹೆಮ್ಮೆಪಟ್ಟೆವು, ಸರಿಯಾಗಿಯೇ ಪಟ್ಟೆವು. ಕೂಲಿ ಕೇಳುವುದು ರಾಕೆಟ್ಟಿಗೆ ಭೂಷಣ. ಹುಡುಗಿ ಕೇಳಿದರೆ ಮಾತ್ರ ದುರಾಸೆ.

ನಮ್ಮ ಹಳಬರು ಹೀಗಿರಲಿಲ್ಲ. ಇದೇ ಮದ್ರಾಸಿನ ವಡಪಳನಿಯಿಂದ ತಿಂಗಳು ತಿಂಗಳು ಕನ್ನಡದ ಮನೆಗಳಿಗೆ ಬರುತ್ತಿದ್ದ ಚಂದಮಾಮ ಬಿಚ್ಚಿದರೆ ಅಲ್ಲಿಯೂ ಮೀಸೆ ಚಿಗುರದ ಹುಡುಗರದೇ ಕಾರುಬಾರು. ರಾಕ್ಷಸನನ್ನು ಕೊಂದವನಿಗೆ ಅರ್ಧ ರಾಜ್ಯ ಎಂದು ರಾಜ ಮೊದಲೇ ಸಾರುತ್ತಿದ್ದ. ಕರಾರು ಸ್ಪಷ್ಟ, ಕೂಲಿ ಸ್ಪಷ್ಟ. ‘ನಿನ್ನ ಬೆಳವಣಿಗೆಗೆ ಇದೊಂದು ಒಳ್ಳೆಯ ಎಕ್ಸ್‌ಪೋಷರ್ ಕಣಪ್ಪ’ ಎಂದ ರಾಜ ಆ ಪುಟಗಳಲ್ಲಿ ಇರಲಿಲ್ಲ. ಇವತ್ತಿನ ಸೈನ್ಸ್ ಫೇರ್‌ಗಳಲ್ಲಿ ಮಕ್ಕಳಿಗೆ ಸಿಗುವುದು ಒಂದು ಸರ್ಟಿಫಿಕೇಟ್, ಒಂದು ಪ್ಲಾಸ್ಟಿಕ್ ಕಪ್, ಮುಖ್ಯ ಅತಿಥಿಯ ಒಂದೂಕಾಲು ಗಂಟೆಯ ಭಾಷಣ. ರಾಕ್ಷಸನೇ ವಾಸಿ, ಬೇಗ ಮುಗಿಸುತ್ತಿದ್ದ.

ಆದ್ದರಿಂದ ಚೆನ್ನೈನ ಪೋರರ ಪಡೆಗೆ ಒಂದು ಕರಾರುಪತ್ರ ಬರೆದುಕೊಡಬಹುದು. ಒಂದು, ದುಡಿದ ಗಂಟೆಗೆ ಸಂಬಳ. ಎರಡು, ಪೆಟ್ಟಿಗೆಯೊಳಗೆ ಏನಿರಬೇಕು ಎಂದು ಕಟ್ಟಿದವರೇ ತೀರ್ಮಾನಿಸುವುದು. ಮೂರು, ಪ್ರಯೋಗ ಎಷ್ಟಿರಬೇಕು ಎಂದು ಪಂಚಾಂಗವನ್ನು ಕೇಳುವಂತಿಲ್ಲ. ನಾಲ್ಕು, ರಾಕೆಟ್ ಬಿದ್ದರೆ ದೊಡ್ಡವರು ಕ್ಯಾಮೆರಾ ಮುಂದೆ ನಿಲ್ಲಬೇಕು, ಹಾರಿದರೆ ಮಕ್ಕಳು.

ಮೊದಲ ಮೂರು ಷರತ್ತಿಗೆ ಹೇಗೋ ಒಪ್ಪಿಗೆ ಸಿಕ್ಕೀತು. ನಾಲ್ಕನೆಯದನ್ನು ಓದಿದ ದಿನವೇ ತುರ್ತು ಪೋಷಕರ ಸಭೆ ಕರೆಯುತ್ತಾರೆ. ಚರ್ಚೆಯ ವಿಷಯ: ಮಕ್ಕಳಲ್ಲಿ ಹೆಚ್ಚುತ್ತಿರುವ ಅಶಿಸ್ತು.