ರಿಯಾಯ್ತಿ ರಾಯರು

ಹೈದರಾಬಾದಿನ ಬರ್ಕತ್‌ಪುರ, ಕಾಚಿಗುಡ, ಚಿಕ್ಕಡಪಲ್ಲಿ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ನಾಲ್ಕು ಕನ್ನಡದ ಮನೆಗಳಿದ್ದರೆ ಅದರಲ್ಲೊಂದು ರಿಯಾಯ್ತಿ ರಾಯರದು. ಹುಟ್ಟೂರು ಕಲಬುರಗಿಯೋ ರಾಯಚೂರೋ ಇರುತ್ತದೆ. ನೌಕರಿ ಸೈಫಾಬಾದಿನ ಅಕೌಂಟೆಂಟ್ ಜನರಲ್ (ಎ.ಜಿ.) ಆಫೀಸಿನಲ್ಲೋ ಕೋಠಿಯ ಕೇಂದ್ರೀಯ ಸದನದಲ್ಲೋ ಕಳೆದಿರುತ್ತದೆ. ರಿಟೈರಾದ ಮೇಲೆ ಅಂಗಿಯ ಜೇಬಿನಲ್ಲಿ ಪೆನ್ನು ಇದ್ದ ಜಾಗಕ್ಕೆ ಒಂದು ಪ್ಲಾಸ್ಟಿಕ್ ಪೌಚು ಬಂದಿದೆ. ಅದರೊಳಗೆ ಪೆನ್ಷನರ್ ಗುರುತಿನ ಚೀಟಿ, ಸಿ.ಜಿ.ಎಚ್.ಎಸ್. ಕಾರ್ಡು, ಆಧಾರು, ಪೆನ್ಷನ್ ಪಾವತಿ ಆದೇಶದ (ಪಿ.ಪಿ.ಓ.) ಎರಡು ಜೆರಾಕ್ಸು. ಒಂದಕ್ಕೆ ಅಟೆಸ್ಟೇಶನ್ ಸಹ ಆಗಿದೆ, ಯಾವುದಕ್ಕೂ ಇರಲಿ ಅಂತ. ಅಂಗಡಿಯವನು ಬೆಲೆ ಹೇಳಲು ಬಾಯಿ ತೆರೆಯುವ ಮುನ್ನವೇ ಪೌಚು ಹೊರಗೆ ಬರುತ್ತದೆ. “ಸರ್ಕಾರಿ ನೌಕರದಾರರಿಗೆ ಎಷ್ಟ್ರೀ?” ಎಳನೀರಿನವನಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ಮೊಬೈಲು, ಟೆಲಿಫೋನಿನ ಮಾತು ಬಂದರಂತೂ ರಾಯರೊಳಗಿನ ಆಡಿಟರು ಮೈಕೊಡವಿ ಏಳುತ್ತಾನೆ. 1995ರಲ್ಲಿ ದೇಶಕ್ಕೆ ಮೊಬೈಲು ಬಂದಾಗ ಒಳಬರುವ ಕರೆಗೂ ಕಾಸು ಕೊಡಬೇಕಿತ್ತು. “ಮಂದಿ ನಮಗ ಫೋನ್ ಮಾಡಿದ್ರ ನಾವ್ಯಾಕ ರೊಕ್ಕ ಕೊಡೋದು? ಯಾವ ರೂಲಿನಾಗ ಅದ?” ಎಂದು ಕೇಳಿ ಸುಮ್ಮನಾದವರು, 2002ರ ಅಕ್ಟೋಬರಿನಲ್ಲಿ ಬಿ.ಎಸ್.ಎನ್.ಎಲ್. ಮೊಬೈಲ್ ಸೇವೆ ಶುರು ಮಾಡುವ ತನಕ ಅದನ್ನು ಮುಟ್ಟಲಿಲ್ಲ. ಸರ್ಕಾರಿ ಮನುಷ್ಯನಿಗೆ ಸರ್ಕಾರಿ ಸಿಮ್ಮು.

ಅದೇ ಬಿ.ಎಸ್.ಎನ್.ಎಲ್. 2021ರ ಫೆಬ್ರವರಿಯಿಂದ ಸೇವೆಯಲ್ಲಿರುವ ಮತ್ತು ನಿವೃತ್ತ ಸರ್ಕಾರಿ ನೌಕರರ ರಿಯಾಯ್ತಿಯನ್ನು ಶೇಕಡಾ 5ರಿಂದ 10ಕ್ಕೆ ಏರಿಸಿದಾಗ ರಾಯರ ಮನೆಯಲ್ಲಿ ಹೋಳಿಗೆ ಆಯಿತು. ರಿಯಾಯ್ತಿ ಇದ್ದದ್ದು ಲ್ಯಾಂಡ್‌ಲೈನು, ಬ್ರಾಡ್‌ಬ್ಯಾಂಡುಗಳಿಗೆ. ಹಾಗಾಗಿ ಇಡೀ ಅಪಾರ್ಟ್‌ಮೆಂಟು ಕಿತ್ತು ಬಿಸಾಕಿದ ಲ್ಯಾಂಡ್‌ಲೈನು ರಾಯರ ಮನೆಯಲ್ಲಿ ಮಾತ್ರ ಕಸೂತಿ ವಸ್ತ್ರ ಹೊದ್ದು ಕೂತಿದೆ. ಅದಕ್ಕೆ ಬರುವುದು ಎರಡೇ ಬಗೆಯ ಕರೆ. ಒಂದು ರಾಂಗ್ ನಂಬರು. ಇನ್ನೊಂದು, ಲೈನು ಸರಿಯಿದೆಯೇ ಎಂದು ನೋಡಲು ರಾಯರೇ ತಮ್ಮ ಮೊಬೈಲಿನಿಂದ ಮಾಡುವುದು. “ರಿಯಾಯ್ತಿ ಕೊಟ್ಟಾಗ ಬಿಡೋದಂದ್ರ ಸರ್ಕಾರಕ್ಕ ಅವಮಾನ ಮಾಡಿದಂಗ” ಎನ್ನುತ್ತಾರೆ.

ಇಷ್ಟರಲ್ಲೇ ತೃಪ್ತಿಯಾಗಿದ್ದರೆ ರಾಯರ ಬಿ.ಪಿ. ಹತೋಟಿಯಲ್ಲಿರುತ್ತಿತ್ತು. ಆದರೆ ಎದುರು ಮನೆಯವರು ಸಿಕಂದರಾಬಾದಿನ ರೈಲ್ ನಿಲಯಂ ನೌಕರರು. 2019ರ ಜನವರಿ 1ರಿಂದ ರೈಲ್ವೆ ಸಿಬ್ಬಂದಿಯ ಗುಂಪು ಸಂಪರ್ಕದ (ಸಿ.ಯು.ಜಿ.) ಫೋನುಗಳು ಏರ್‌ಟೆಲ್‌ನಿಂದ ಜಿಯೋಗೆ ಹೋದವಲ್ಲ, ಆಗ ‘ಸಿ’ ದರ್ಜೆಯವರಿಗೆ ತಿಂಗಳಿಗೆ 67 ರೂಪಾಯಿಗೆ 30 ಜಿ.ಬಿ. ಎಂದು ಗೊತ್ತಾಯಿತು. ರಾಯರು ಆ ರಾತ್ರಿ ಊಟ ಬಿಟ್ಟರು. ರೈಲ್ವೆ ಲೆಕ್ಕಪತ್ರದಲ್ಲಿ ಎಷ್ಟು ಆಕ್ಷೇಪಣೆ ಬರೆಯಬಹುದು ಎಂದು ಕಾಗದದ ಮೇಲೆ ಲೆಕ್ಕ ಹಾಕಿದ ಮೇಲೆಯೇ ನಿದ್ದೆ ಹತ್ತಿದ್ದು.

ರೈಲ್ವೆಯ ಉರಿ ಒಂದು ತೂಕವಾದರೆ ಮಿಲಿಟರಿಯ ಉರಿ ಇನ್ನೊಂದು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ಬೊಲ್ಲಾರಂ ಕಡೆಯಿಂದ ಒಬ್ಬ ಸುಬೇದಾರ್ ಸಾಹೇಬರು ಬರುತ್ತಾರೆ. ಮೂಲ ಬೆಳಗಾವಿ ಸೀಮೆ, ಸಿಕಂದರಾಬಾದಿನ ಇ.ಎಂ.ಇ. ಸೆಂಟರಿನಿಂದ ರಿಟೈರಾಗಿ ಇಲ್ಲೇ ನಿಂತವರು. ಅವರ ಕೈಯಲ್ಲಿ ಕ್ಯಾಂಟೀನು ಕಾರ್ಡು. 1948ರಿಂದ ಇರುವ ಈ ಕ್ಯಾಂಟೀನು ಸ್ಟೋರ್ಸ್ ಇಲಾಖೆಗೆ ಜಿ.ಎಸ್.ಟಿ.ಯಲ್ಲಿ ಅರ್ಧ ವಾಪಸ್ಸು ಬರುತ್ತದೆ, ಅದಕ್ಕೇ ಅಲ್ಲಿ ಅಗ್ಗ. ಟಿ.ವಿ., ಫ್ರಿಜ್ಜು, ಕಾರಿನಂಥ ದೊಡ್ಡ ಸಾಮಾನಿಗೆ 2021ರ ಜನವರಿಯಲ್ಲಿ ಆನ್‌ಲೈನ್ ಪೋರ್ಟಲ್ಲೂ ಬಂತು. ಸುಬೇದಾರರು ಇವನ್ನೆಲ್ಲ ಹೇಳುವಾಗ ರಾಯರ ಮುಖ ನೋಡಬೇಕು.

“ಸಾಹೇಬ್ರ, ನಿಮ್ಮ ಕಾರ್ಡಿನ ಮ್ಯಾಲೆ ನಮಗೊಂದು ಮಿಕ್ಸರ್…”

“ರೂಲ್ ಇಲ್ರಿ ರಾಯರ. ಹೊರಗಿನವರಿಗೆ ತಂದ್ಕೊಡಂಗಿಲ್ಲ.”

ರೂಲ್ ಎಂಬ ಪದ ಕೇಳಿದೊಡನೆ ಜನ್ಮವೆಲ್ಲ ರೂಲ್ ತೋರಿಸಿ ಬಿಲ್ಲು ವಾಪಸ್ಸು ಕಳಿಸಿದ ಮನುಷ್ಯನ ಬಾಯಿ ಕಟ್ಟುತ್ತದೆ. ಸುಬೇದಾರರು ಸಿಯಾಚಿನ್ ಕಂಡು ಬಂದವರು, ರಾಯರು ಕಂಡದ್ದು ಎ.ಜಿ. ಆಫೀಸಿನ ಎ.ಸಿ. ರೂಮು. ಈ ಅಂತರ ರಾಯರಿಗೂ ಗೊತ್ತು. ಆದ್ದರಿಂದಲೇ ಸುಬೇದಾರರ ಎದುರು ಮಾತ್ರ ಪೌಚು ಹೊರಗೆ ಬರುವುದಿಲ್ಲ. (ಅಮೆರಿಕದ ಫೋನು ಕಂಪನಿಗಳು ಮಾಜಿ ಸೈನಿಕರಿಗೆ ತಿಂಗಳ ಬಿಲ್ಲಿನಲ್ಲೇ ಕಡಿತ ಕೊಡುತ್ತವೆ ಎಂದು ಡಲ್ಲಾಸಿನ ಮಗ ಹೇಳಿದಾಗ, “ತಂದಿ ಭಾರತ ಸರ್ಕಾರದವ್ರು ಅಂದ್ರ ಕೊಡ್ತಾರೇನು, ಕೇಳಿ ನೋಡು” ಎಂದರಂತೆ.)

ರಾಯರ ಜೀವನದ ದೊಡ್ಡ ಅಧ್ಯಾಯ 2020ರದು. ಇನ್ನೂ ಸರ್ವಿಸಿನಲ್ಲಿದ್ದರು. ಕೋವಿಡ್‌ನಿಂದ ಪ್ರವಾಸ ಹೋಗುವುದು ಕಷ್ಟವಾಗಿತ್ತು; ಅಕ್ಟೋಬರ್ 12ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ರಜೆ ಪ್ರವಾಸ ರಿಯಾಯ್ತಿಯ (ಎಲ್.ಟಿ.ಸಿ.) ನಗದು ವೋಚರ್ ಯೋಜನೆ ಸಾರಿದರು. ಪ್ರವಾಸ ಹೋಗದಿದ್ದರೂ ಪ್ರಯಾಣ ದರದ ದುಡ್ಡು ಸಿಗುತ್ತದೆ, ಆದರೆ ಆ ದರದ ಮೂರು ಪಟ್ಟು ಸಾಮಾನು ಕೊಳ್ಳಬೇಕು. ಸಾಮಾನಿನ ಜಿ.ಎಸ್.ಟಿ. ಶೇಕಡಾ 12ಕ್ಕೆ ಕಮ್ಮಿ ಇರಬಾರದು, ಪಾವತಿ ಡಿಜಿಟಲ್ಲೇ ಆಗಬೇಕು, 2021ರ ಮಾರ್ಚ್ 31ರೊಳಗೆ ಮುಗಿಯಬೇಕು. ವಿಮಾನ ದರ್ಜೆಯ ರಾಯರಿಗೆ ತಲೆಗೆ 20,000. ಗಂಡ ಹೆಂಡತಿ ಸೇರಿ 40,000. ಅದನ್ನು ಪಡೆಯಲು 1,20,000 ಖರ್ಚು. “ನಲವತ್ತು ಸಾವಿರ ಪುಕ್ಕಟೆ!” ಎಂದು ರಾಯರು ಕುಣಿದರು. ಮೊಬೈಲಿನ ಜಿ.ಎಸ್.ಟಿ. ಅದೇ ವರ್ಷ ಏಪ್ರಿಲಿನಲ್ಲಿ 12ರಿಂದ 18ಕ್ಕೆ ಏರಿತ್ತು. ಹೆಚ್ಚಿನ ತೆರಿಗೆಗೆ ಖುಷಿಪಟ್ಟ ಭಾರತೀಯರು ಬಹುಶಃ ಇವರೊಬ್ಬರೇ.

ಮಾಸ್ಕು ಹಾಕಿಕೊಂಡು ಅಬಿಡ್ಸ್‌ನ ಒಂದು ಮೊಬೈಲ್ ಅಂಗಡಿಗೆ ಹೋದರು. ಗಾಜಿನ ಕೌಂಟರಿನ ಮೇಲೆ ಆಫೀಸಿನ ಐಡಿ ಕಾರ್ಡು ಇಟ್ಟರು. ಇಪ್ಪತ್ತು ವರ್ಷದ ಹಿಂದಿನ ಫೋಟೋ, ಕರಿ ಮೀಸೆ. ಲ್ಯಾಮಿನೇಶನ್ನಿನ ಒಂದು ಮೂಲೆ ಎದ್ದಿದೆ. ಅಂಗಡಿಯ ಹುಡುಗ ಕಾರ್ಡನ್ನು ಹಿಂದೆ ಮುಂದೆ ತಿರುವಿದ, ಫೋಟೋ ನೋಡಿದ, ಮಾಸ್ಕಿನ ಮೇಲಿನ ಕಣ್ಣು ನೋಡಿದ.

“ಸಾಬ್, ಇಸ್‌ಪೇ ಕುಛ್ ನಹೀ ಮಿಲ್ತಾ. ನಕ್ಕೋ ಪೂಛೋ. ಚಾಯ್ ಪಿಯೋ.”

“ಸೆಂಟ್ರಲ್ ಗೌರ್ಮೆಂಟ್ ಹೈ, ಸ್ಟೇಟ್ ನಹೀ!”

ಮುಕ್ಕಾಲು ಗಂಟೆ ವಾದ ನಡೆಯಿತು. ಕೊನೆಗೆ ಹುಡುಗ ಒಂದು ಟೆಂಪರ್ಡ್ ಗ್ಲಾಸು ಪುಕ್ಕಟೆ ಅಂಟಿಸಿದ. ಆ ಅಂಗಡಿಯಲ್ಲಿ ಫೋನು ಕೊಂಡ ಪ್ರತಿಯೊಬ್ಬರಿಗೂ ಅದನ್ನು ಅಂಟಿಸುತ್ತಾರೆ. ರಾಯರು ಮಾತ್ರ ಇವತ್ತಿಗೂ ಅದನ್ನು ತೋರಿಸಿ, “ಗೌರ್ಮೆಂಟ್ ಕೋಟಾದಾಗ ಬಂದದ್ದು” ಎನ್ನುತ್ತಾರೆ.

ಮನೆಗೆ ಬಂದು ಫೋನು ಹೆಂಡತಿಯ ಕೈಗಿಟ್ಟರು. ಆ ಎಲ್.ಟಿ.ಸಿ.ಯಲ್ಲಿ ಕಾಶಿಗೆ ಹೋಗುವುದೆಂದು ಆಕೆ ಮೂರು ವರ್ಷದಿಂದ ಕಾದಿದ್ದರು. ಫೋನು ತಿರುವಿ ನೋಡಿ, “ವಿಶ್ವನಾಥ ಇದರಾಗ ಎಲ್ಲಿ ಬರ್ತಾನ್ರಿ?” ಎಂದರು. ರಾಯರು ಲೈವ್ ದರ್ಶನ ಹಚ್ಚಿ ಕೊಟ್ಟರು. ಆಕೆ ಎರಡು ದಿನ ಮಾತು ಬಿಟ್ಟರು. ಆ ಎರಡು ದಿನದ ಬಗ್ಗೆ ರಾಯರು ಹೆಚ್ಚು ಹೇಳುವುದಿಲ್ಲ.

ಇವರನ್ನು ಜಿಪುಣರೆಂದರೆ ತಪ್ಪಾಗುತ್ತದೆ. ವಾಚ್‌ಮನ್ನನ ಮಗಳ ಇಂಟರ್ ಫೀಸು ಕಟ್ಟಿದವರು ಇದೇ ರಾಯರು, ರಸೀದಿ ಕೂಡ ಕೇಳಲಿಲ್ಲ. ರಿಯಾಯ್ತಿಯ ಹತ್ತು ರೂಪಾಯಿಯಲ್ಲಿ ಅವರಿಗೆ ಸಿಗುವುದು ಬೇರೆ. ಆಫೀಸಿನಲ್ಲಿದ್ದಾಗ ಅವರು ಬಂದರೆ ಪ್ಯೂನು ಎದ್ದು ನಿಲ್ಲುತ್ತಿದ್ದ. ಈಗ ಹಾಗೆ ನಿಲ್ಲಬಲ್ಲದ್ದು ಆ ಕಾರ್ಡೊಂದೇ, ಅದೂ ಅಂಗಡಿಯವನು ಒಪ್ಪಿದರೆ.

2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ರೀಚಾರ್ಜಿನ ದರ ಏರಿಸಿ, ಬಿ.ಎಸ್.ಎನ್.ಎಲ್. ಏರಿಸದೆ ಉಳಿದಾಗ ಅಪಾರ್ಟ್‌ಮೆಂಟಿನ ನಾಲ್ಕಾರು ಮಂದಿ ಕಂಪನಿ ಬದಲಿಸಲು ರಾಯರ ಬಾಗಿಲಿಗೇ ಬಂದರು. ಎಲ್ಲರಿಗೂ ಚಹಾ ಕೊಟ್ಟು, ಯಾವ ಪ್ಲಾನು, ಯಾವ ದಾಖಲೆ ಎಂದು ವಿವರಿಸಿ, ರೈಲ್ವೆಯವರನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: “ನಿಮಗ್ಯಾಕ್ರೀ? ಅರವತ್ತೇಳು ರೂಪಾಯಿ ಅದಲ್ಲ?”

ನಿಮ್ಮ ಬಿಲ್ಡಿಂಗಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹೊಸ ಫೋನು ಕೊಳ್ಳುವ ಮುಂಚೆ ಅವರನ್ನು ಕೇಳಿ, ನಿಜವಾಗಿಯೂ ಉಪಯೋಗವಾಗುತ್ತದೆ. ಕೊಂಡ ಮೇಲೆ ಮಾತ್ರ ಎಷ್ಟು ಕೊಟ್ಟಿರಿ ಎಂದು ಅವರಿಗೆ ಹೇಳಬೇಡಿ.