ಇಪ್ಪತ್ತು ತಿಂಗಳಲ್ಲಿ ಅಸಲು

ರಿಟೈರ್ ಆದವನ ಕೈಗೆ ಎಷ್ಟು ದುಡ್ಡು ಬಂತು ಅನ್ನೋದು ಅವನಿಗಿಂತ ಮೊದಲು ಅವನ ಭಾವಮೈದನಿಗೆ ಗೊತ್ತಾಗುತ್ತದೆ. ದೂರವಾಣಿನಗರದ ಐಟಿಐ ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂಡೋದು, ಕಳೆಯೋದು ಮಾಡಿ ಹೊರಬಂದೆ. ಪಿಎಫ್ಫು, ಗ್ರಾಚ್ಯುಟಿ ಸೇರಿ ಬಂದದ್ದನ್ನು ಎಫ್‌ಡಿ ಮಾಡಿಸಿ, ರಸೀದಿಯನ್ನು ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಮಧ್ಯೆ ಅಡಗಿಸಿಟ್ಟಿದ್ದೆ. ಒಂದು ಭಾನುವಾರ ಭಾವಮೈದ ಬಂದ. ಕಾಫಿ ಲೋಟ ಕೆಳಗಿಡುವ ಮೊದಲೇ, "ಭಾವ, ಎಫ್‌ಡಿಯಲ್ಲಿ ದುಡ್ಡು ಮಲಗಿಸೋದು ಪಾಪ" ಅಂದ.

ಆಮೇಲೆ ಬ್ಯಾಗಿನಿಂದ ಒಂದು ಬಣ್ಣದ ಪುಸ್ತಿಕೆ ತೆಗೆದ. ಮುಖಪುಟದಲ್ಲಿ ಬರ್ಗರ್ ಹಿಡಿದ ಹುಡುಗಿ, ಮೊದಲ ಸಂಬಳ ತಗೊಂಡವಳ ಹಾಗೆ ನಗುತ್ತಿದ್ದಾಳೆ. ಬ್ರ್ಯಾಂಡಿನ ಹೆಸರು ಇಲ್ಲಿ ಬೇಡ. ಬರ್ಗರ್, ಮೊಮೊ, ಫ್ರೈಸ್ ಮಾರುವ ಇಂಥವು ನಮ್ಮೂರಲ್ಲಿ ನಾಯಿಕೊಡೆಗಳಂತೆ ಎದ್ದಿವೆ, ಒಂದರ ಹೆಸರು ಹೇಳಿದರೆ ಉಳಿದವಕ್ಕೆ ಬೇಜಾರು.

"ಕೆಎಫ್‌ಸಿ, ಮೆಕ್‌ಡೊನಾಲ್ಡ್ಸ್ ಥರದ್ದು ಸಿಗಲ್ವೇನೋ?" ಅಂದೆ, ಸಂತೆಯಲ್ಲಿ ಆನೆ ಎಷ್ಟಕ್ಕೆ ಅಂತ ಕೇಳಿದ ಹಾಗೆ.

"ಅವು ನಿಮ್ಮಂಥೋರಿಗೆ ಒಂದೊಂದು ಅಂಗಡಿ ಕೊಡಲ್ಲ ಭಾವ. ಇಡೀ ರಾಜ್ಯಗಳನ್ನೇ ದೊಡ್ಡ ದೊಡ್ಡ ಕಂಪನಿಗಳಿಗೆ ಬರೆದುಕೊಟ್ಟಿರ್ತಾರೆ. ಅವರದು ಫ್ರಾಂಚೈಸಿ ಕೊಡಿಸ್ತೀವಿ ಅಂತ ಫೋನಿಗೆ ಮೆಸೇಜ್ ಬಂದ್ರೆ ಅದು ಟೋಪಿ."

ಅಷ್ಟರ ಮಟ್ಟಿಗೆ ಅವನು ಸತ್ಯವಂತ.

ನನಗೆ ಥಟ್ಟನೆ ಬ್ರಿಗೇಡ್ ರಸ್ತೆ ನೆನಪಾಯಿತು. 1995ರ ಜೂನ್‌ನಲ್ಲಿ ಕೆಎಫ್‌ಸಿ ಈ ದೇಶದ ತನ್ನ ಮೊದಲ ಅಂಗಡಿ ತೆರೆದದ್ದು ಅಲ್ಲೇ. ಕೆಲವೇ ತಿಂಗಳಲ್ಲಿ ಮಸಾಲೆಯಲ್ಲಿ ಅಜಿನೊಮೊಟೊ ಜಾಸ್ತಿ ಅಂತ ಪಾಲಿಕೆ ಲೈಸೆನ್ಸ್ ರದ್ದು ಮಾಡಿತು, ಅದು ಹೈಕೋರ್ಟಿಗೆ ಹೋಯಿತು. 1996ರ ಜನವರಿಯಲ್ಲಿ ಪ್ರೊಫೆಸರ್ ನಂಜುಂಡಸ್ವಾಮಿಯವರ ರೈತ ಸಂಘದವರು ನುಗ್ಗಿ ಕುರ್ಚಿ, ಮೇಜು, ಗಾಜು ಪುಡಿ ಮಾಡಿದರು. ಮಾರನೇ ದಿನ ಕ್ಯಾಂಟೀನಿನಲ್ಲಿ ಒಂದು ಟೇಬಲ್ಲಿನವರು ಬಹುರಾಷ್ಟ್ರೀಯ ಕಂಪನಿಗಳಿಗೆ ಬೈದರು, ಇನ್ನೊಂದು ಟೇಬಲ್ಲಿನವರು ರೈತರಿಗೆ ಬೈದರು. ನಾನು ಅಕೌಂಟ್ಸಿನವನು. ಒಡೆದ ಗಾಜು ಯಾರ ಖಾತೆಗೆ ಬೀಳುತ್ತೆ ಅಂತ ಯೋಚಿಸುತ್ತಾ ಚಿತ್ರಾನ್ನ ತಿಂದೆ.

ಪುಸ್ತಿಕೆ ಬಿಡಿಸಿದೆ. ಫ್ರಾಂಚೈಸಿಯಲ್ಲಿ ಎರಡು ಬಗೆಯಂತೆ: ಫೋಫೋ, ಫೋಕೋ. ನನಗೆ ಯಾರದೋ ಮನೆಯ ಅವಳಿ ಮಕ್ಕಳ ಹೆಸರಿನಂತೆ ಕೇಳಿಸಿತು. ಫೋಫೋ ಅಂದರೆ ದುಡ್ಡೂ ನಮ್ಮದು, ದುಡಿಮೆಯೂ ನಮ್ಮದು. ಫೋಕೋ ಅಂದರೆ ದುಡ್ಡು ನಮ್ಮದು, ಅಂಗಡಿ ನಡೆಸೋದು ಕಂಪನಿ. ಎರಡರಲ್ಲೂ ಹೆಸರು ಕಂಪನಿಯದು, ಬಾಡಿಗೆ ಕರಾರಿನ ಮೇಲೆ ರುಜು ನಮ್ಮದು.

"ನೀವು ಬೆಳಿಗ್ಗೆ ಹಾಲು ಉಕ್ಕದ ಹಾಗೆ ನೋಡ್ಕೊಳ್ಳಲ್ಲ, ಎಣ್ಣೆ ಬಾಂಡಲಿ ನೋಡ್ಕೋತೀರಾ?" ಅಂತ ಒಳಗಿನಿಂದ ಹೆಂಡತಿಯ ದನಿ ಬಂತು. ಫೋಫೋ ಅಲ್ಲಿಗೇ ಬಿದ್ದುಹೋಗಬೇಕಿತ್ತು. ಆದರೆ ಕೊನೇ ಪುಟದಲ್ಲಿ ಒಂದು ಲೆಕ್ಕದ ಪಟ್ಟಿ ಇತ್ತು. ಕುಡುಕನ ಮುಂದೆ ಬಾಟಲಿ ಇಟ್ಟರೂ ಆದೀತು, ಅಕೌಂಟೆಂಟನ ಮುಂದೆ ಬೇರೆಯವರು ಮಾಡಿದ ಲೆಕ್ಕ ಇಡಬಾರದು.

ಹೂಡಿಕೆ 20 ಲಕ್ಷ: ಫ್ರಾಂಚೈಸಿ ಶುಲ್ಕ 5, ಒಳಾಂಗಣ 9, ಮೆಷಿನ್ನು 6. ದಿನದ ವ್ಯಾಪಾರ 15 ಸಾವಿರ, ತಿಂಗಳಿಗೆ ನಾಲ್ಕೂವರೆ ಲಕ್ಷ. ಅದರಲ್ಲಿ ಸಾಮಾನಿನ ಖರ್ಚು ನೂರಕ್ಕೆ 35, ಅಂದರೆ 1,57,500. ರಾಯಲ್ಟಿ ನೂರಕ್ಕೆ ಆರು, 27 ಸಾವಿರ. ಜಾಹೀರಾತಿನ ವಂತಿಗೆ ಎರಡು, 9 ಸಾವಿರ. ಬಾಡಿಗೆ 60 ಸಾವಿರ, ನಾಲ್ಕು ಹುಡುಗರ ಸಂಬಳ 72 ಸಾವಿರ, ಕರೆಂಟು ಗ್ಯಾಸಿಗೆ 25 ಸಾವಿರ. ಎಲ್ಲ ಕಳೆದು ಉಳಿಯೋದು 99,500. "ಇಪ್ಪತ್ತು ತಿಂಗಳಲ್ಲಿ ಅಸಲು ವಾಪಸ್!" ಅಂತ ಕೆಂಪಕ್ಷರದಲ್ಲಿ ಬರೆದು ಮೂರು ಆಶ್ಚರ್ಯಸೂಚಕ ಹಾಕಿದ್ದರು. ಬ್ಯಾಲೆನ್ಸ್ ಶೀಟಿನಲ್ಲಿ ನಾನು ಅದುವರೆಗೆ ಒಂದೂ ಆಶ್ಚರ್ಯಸೂಚಕ ಕಂಡವನಲ್ಲ.

ಜಾಗ ಹುಡುಕಲು ಹೊರಟೆವು. ಮೊದಲು ಕೆ.ಆರ್. ಪುರ. ತೂಗುಸೇತುವೆಯ ಹತ್ತಿರ ಭಾವಮೈದ ಸ್ಕೂಟರ್ ನಿಲ್ಲಿಸಿ, ನಿಂತುಹೋಗಿದ್ದ ವಾಹನಗಳ ಸಾಗರವನ್ನು ತೋರಿಸಿ, "ನೋಡಿ ಭಾವ, ಇಷ್ಟೂ ಜನ ಹಸಿದಿರ್ತಾರೆ" ಅಂದ. ಹಸಿದಿರ್ತಾರೆ ನಿಜ. ಗಾಡಿ ಬಿಟ್ಟು ಇಳಿಯೋದು ಹೇಗೆ? ಅಲ್ಲದೆ 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಬಿಟ್ಟುಹೋಗಿದ್ದ ಮೆಟ್ರೋ ಕೊಂಡಿ ಕೂಡಿಕೊಂಡ ಮೇಲೆ, ಮೊದಲೆಲ್ಲ ಅಲ್ಲಿ ಇಳಿದು ಬಸ್ಸಿಗೆ ಓಡುತ್ತಾ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದವರು ಈಗ ತಲೆಯ ಮೇಲೇ ತಣ್ಣಗೆ ಸಾಗಿಹೋಗುತ್ತಾರೆ.

ಹಲಸೂರಿನಲ್ಲಿ ಸೋಮೇಶ್ವರ ದೇವಸ್ಥಾನದ ಕಡೆ ಒಂದು ಮಳಿಗೆ ಸಿಕ್ಕಿತು. ಮಾಲೀಕರು ವಿಭೂತಿ ಇಟ್ಟ ಹಿರಿಯರು. "ಏನು ವ್ಯಾಪಾರ?" ಅಂದರು. ಭಾವಮೈದ "ಚಿಕನ್ ಬರ್ಗರ್" ಅನ್ನುವಷ್ಟರಲ್ಲಿ ನಾನು ಅವನ ಕಾಲು ತುಳಿದೆ, ತಡವಾಗಿತ್ತು. ಅಲ್ಲೇ ಎದುರಿನ ಉಡುಪಿ ಹೋಟೆಲಿನಲ್ಲಿ ನಿಂತುಕೊಂಡು ಇಡ್ಲಿ ತಿನ್ನುವಾಗ ಒಂದು ಮಾತು ಹೊಳೆಯಿತು. ಈ 'ಉಡುಪಿ' ಅನ್ನೋ ಹೆಸರಿನಷ್ಟು ದೊಡ್ಡ ಬ್ರ್ಯಾಂಡು ಇನ್ನೊಂದಿಲ್ಲ. ಮುಂಬೈಯಿಂದ ಅಮೆರಿಕದವರೆಗೆ ಬೋರ್ಡಿದೆ. ಲೋಟ ತೊಳೆಯಲು ಸೇರಿದ ಹುಡುಗ ಸಪ್ಲೈಯರ್ ಆಗಿ, ಭಟ್ಟನಾಗಿ, ಗಲ್ಲಾದ ಮೇಲೆ ಕೂತು, ಊರಿನವರ ಹತ್ತಿರ ಕೈಗಡ ತಂದು ತನ್ನದೇ ಹೋಟೆಲ್ ಹಾಕಿದ. ಉಡುಪಿ ಕೃಷ್ಣನಿಗೆ ಯಾರೂ ನೂರಕ್ಕೆ ಆರು ಕಟ್ಟಲಿಲ್ಲ, ಅವನೂ ಕೇಳಲಿಲ್ಲ.

ಕೊನೆಗೆ ಇಂದಿರಾನಗರ. ಸಿ.ಎಂ.ಎಚ್. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ 300 ಚದರಡಿ. ಬಾಡಿಗೆ 90 ಸಾವಿರ, ಹತ್ತು ತಿಂಗಳ ಅಡ್ವಾನ್ಸ್. ಪಟ್ಟಿಯಲ್ಲಿ ಬಾಡಿಗೆ 60 ಇತ್ತು, ಅಡ್ವಾನ್ಸಿನ ಸೊಲ್ಲೇ ಇರಲಿಲ್ಲ. ಅಂದು ರಾತ್ರಿ ನಾನು ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ.

ಬಾಡಿಗೆ 30 ಸಾವಿರ ಏರಿತು. 90 ಸಾವಿರದ ಮೇಲೆ ಶೇ 18 ಜಿಎಸ್‌ಟಿ, 16,200. ಇಲ್ಲೊಂದು ಸ್ವಾರಸ್ಯ ಇದೆ. 2017ರ ನವೆಂಬರಿನಿಂದ ಹೋಟೆಲು ಗಿರಾಕಿಯಿಂದ ಶೇ 5 ತೆರಿಗೆ ವಸೂಲು ಮಾಡುತ್ತದೆ, ಆದರೆ ತಾನು ಕಟ್ಟಿದ ತೆರಿಗೆಯನ್ನು ಅದರಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಬೇರೆ ವ್ಯಾಪಾರದವರು ಬಾಡಿಗೆ ಮೇಲಿನ ಜಿಎಸ್‌ಟಿಯನ್ನು ವಾಪಸು ಹಿಡಿದುಕೊಳ್ಳುತ್ತಾರೆ, ಬರ್ಗರಿನವನು ನುಂಗಿಕೊಳ್ಳಬೇಕು. ಹಾಗೆಯೇ ರಾಯಲ್ಟಿ, ಜಾಹೀರಾತು ಸೇರಿದ 36 ಸಾವಿರದ ಮೇಲೆ 6,480. ಆಮೇಲೆ ಮನೆಬಾಗಿಲಿಗೆ ಮುಟ್ಟಿಸುವ ಆ್ಯಪ್‌ಗಳು. ವ್ಯಾಪಾರದಲ್ಲಿ ಅರ್ಧ ಅವುಗಳ ಮೂಲಕ ಅಂತ ಪುಸ್ತಿಕೆಯೇ ಹೆಮ್ಮೆಯಿಂದ ಹೇಳಿತ್ತು, ಕಮಿಷನ್ ಮಾತ್ರ ಎಲ್ಲೂ ಬರೆದಿರಲಿಲ್ಲ. ನೂರಕ್ಕೆ 22 ಅಂತ ಹಿಡಿದೆ. ಎರಡೂಕಾಲು ಲಕ್ಷಕ್ಕೆ 49,500, ಅದರ ಮೇಲೆ ಜಿಎಸ್‌ಟಿ 8,910. ಎಲ್ಲ ಕೂಡಿದರೆ 1,11,090.

99,500ರಲ್ಲಿ 1,11,090 ಕಳೆಯಲು ಅಡಿಯಲ್ಲಿ ಗೆರೆ ಎಳೆದು, ಕೈಯಲ್ಲೇ ಕಳೆದೆ. ತಿಂಗಳಿಗೆ 11,590 ನಷ್ಟ. ಅಡ್ವಾನ್ಸೂ ಸೇರಿ ಸಿಕ್ಕಿಕೊಳ್ಳುವ 29 ಲಕ್ಷ ಬ್ಯಾಂಕಿನಲ್ಲಿ ಪಾಪ ಮಾಡಿಕೊಂಡು ಮಲಗಿದ್ದರೆ, ಶೇ 7ರಂತೆ ಹಿಡಿದರೂ ತಿಂಗಳಿಗೆ ಸುಮಾರು 17 ಸಾವಿರ ತರುತ್ತಿತ್ತು. ಒಂದು ವಿಷಯ ಗೊತ್ತಾಗಿ ನಾನು ಪೆನ್ಸಿಲ್ ಕೆಳಗಿಟ್ಟೆ. ರಾಯಲ್ಟಿ ಲಾಭದ ಮೇಲಲ್ಲ, ವ್ಯಾಪಾರದ ಮೇಲೆ. ನಾನು ಹನ್ನೊಂದು ಸಾವಿರ ಕಳೆದುಕೊಂಡ ತಿಂಗಳಲ್ಲೂ ಕಂಪನಿಗೆ 36 ಸಾವಿರ ಹೋಗಲೇಬೇಕು. ಸೋತ ಹುಂಜದ ಮೇಲೂ ಬಾಜಿ ಗೆಲ್ಲುವ ಉಪಾಯ ಇದು.

"ಭಾವ, ನೀವು ತುಂಬಾ ನೆಗೆಟಿವ್" ಅಂದ ಭಾವಮೈದ. "ಸೇಲ್ ಡಬಲ್ ಆದ್ರೆ?"

ನ್ಯಾಯವಾದ ಪ್ರಶ್ನೆ. ಡಬಲ್ ಆಗುತ್ತೋ ಇಲ್ಲವೋ ಅಂತ ನಡೆಯುತ್ತಿರುವ ಅಂಗಡಿಯ ಲೆಕ್ಕ ನೋಡಿದರೆ ಗೊತ್ತಾಗುತ್ತದಲ್ಲ. ಕಂಪನಿಯ ಕಚೇರಿಗೆ ಹೋದೆವು. ಕತ್ತಿನಲ್ಲಿ ಪಟ್ಟಿ ತೂಗುಹಾಕಿಕೊಂಡ ಹುಡುಗ, "ಅದೆಲ್ಲ ಕಾನ್ಫಿಡೆನ್ಷಿಯಲ್ ಅಂಕಲ್" ಅಂದ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕಲ್ಲ ಅಂತ ಕೇಳಿದೆ. "ಲೋಗೊ ಮುಟ್ಟೋ ಹಾಗಿಲ್ಲ, ಪಕ್ಕದಲ್ಲಿ ನೀವು ಏನು ಬೇಕಾದ್ರೂ ಬರ್ಸ್ಕೊಳಿ" ಅಂದ. ಅದರ ಖರ್ಚೂ ನನ್ನದೇ.

ಅಮೆರಿಕದಲ್ಲಿರುವ ಮಗಳಿಗೆ ಹೇಳಿದಾಗ ನಕ್ಕಳು. ಅಲ್ಲಿ 1979ರಿಂದಲೇ ಇದಕ್ಕೊಂದು ನಿಯಮ ಇದೆಯಂತೆ. ರುಜು ಹಾಕಿಸಿಕೊಳ್ಳುವ 14 ದಿನ ಮೊದಲೇ ಕಂಪನಿ 23 ಬಾಬಿನ ಒಂದು ದಸ್ತಾವೇಜು ಕೊಡಬೇಕು. ಎಷ್ಟು ಅಂಗಡಿ ಮುಚ್ಚಿತು, ಯಾವ ಕೇಸು ನಡೆಯುತ್ತಿದೆ ಎಲ್ಲ ಅದರಲ್ಲಿ ಇರಬೇಕು. ಇಷ್ಟು ಗಳಿಸ್ತೀರಿ ಅಂತ ಬಾಯಿಬಿಟ್ಟರೆ ಅದಕ್ಕೆ ಆಧಾರ ತೋರಿಸಬೇಕು. ನಮ್ಮಲ್ಲಿ ಫ್ರಾಂಚೈಸಿಗೇ ಅಂತ ಪ್ರತ್ಯೇಕ ಕಾನೂನಿಲ್ಲ, ಕಾಯಲು ಇರೋದು 1872ರ ಕರಾರು ಕಾಯಿದೆ. ಅದನ್ನು ಬರೆದಾಗ ನಮ್ಮೂರಿಗೆ ಬರ್ಗರ್ ಇರಲಿ, ಕರೆಂಟೇ ಬಂದಿರಲಿಲ್ಲ.

ಆ ವಾರ ಕನ್ನಡಕ ಸರಿಮಾಡಿಸಲು ಶಿವಾಜಿನಗರಕ್ಕೆ ಹೋಗಿದ್ದೆ. ರಸೆಲ್ ಮಾರ್ಕೆಟ್ಟಿನ ಹತ್ತಿರ ಒಬ್ಬ ಸಮೋಸದವನು. ಅಂಗೈಗಿಂತ ಚಿಕ್ಕ, ಕಾಗದದಷ್ಟು ತೆಳು ಹೊದಿಕೆಯ ಈರುಳ್ಳಿ ಸಮೋಸ. ಎಡಗೈಯಿಂದ ಪಟ್ಟಿ ಮಡಚುತ್ತಾ, ಬಲಗೈಯಿಂದ ಜಾಲರಿ ಸೌಟು ಆಡಿಸುತ್ತಾ, ಚಿಲ್ಲರೆಯನ್ನು ಮಾತ್ರ ಗಿರಾಕಿಯೇ ಡಬ್ಬಿಯಿಂದ ತಗೊಳ್ಳಲಿ ಅಂತ ಗಲ್ಲ ಎತ್ತಿ ತೋರಿಸುತ್ತಿದ್ದ. ಎರಡು ಪ್ಲೇಟ್ ತಿಂದ ಮೇಲೆ ಮೆಲ್ಲಗೆ ಕೇಳಿದೆ, "ದಿನಕ್ಕೆ ಎಷ್ಟು ವ್ಯಾಪಾರ ಆಗುತ್ತೆ?"

"ಆಗಿದ್ದು ಎಣಿಸಲ್ಲ ಸಾರ್. ರಾತ್ರಿ ಮಿಕ್ಕಿದ್ದು ಎಣಿಸ್ತೀನಿ. ಇಪ್ಪತ್ತು ಮಿಕ್ತಾ, ನಾಳೆ ಈರುಳ್ಳಿ ಕಮ್ಮಿ."

ಮೂವತ್ತೊಂದು ವರ್ಷದಲ್ಲಿ ಇಷ್ಟು ಚಿಕ್ಕ ಲೆಡ್ಜರ್ ನಾನು ನೋಡಿರಲಿಲ್ಲ. "ರಾಯಲ್ಟಿ ಏನಾದ್ರೂ ಕಟ್ಟಬೇಕಾ?" ಅಂದೆ.

ಸೌಟು ನಿಂತಿತು. ಅವನು ಎಡಕ್ಕೆ, ಬಲಕ್ಕೆ ನೋಡಿ ದನಿ ತಗ್ಗಿಸಿದ. "ಮಾಮೂಲಿಗೆ ಈಗ ಆ ಹೆಸರಾ ಸಾರ್?"

ಇಷ್ಟೆಲ್ಲ ಆದರೂ ನನಗೆ ಸಮಾಧಾನ ಇಲ್ಲ. ಕಂಪನಿ ಲೆಕ್ಕ ಕೊಡದಿದ್ದರೆ ನಾನೇ ಎಣಿಸಬಹುದಲ್ಲ ಅಂತ, ಅದೇ ಬ್ರ್ಯಾಂಡಿನ ಅಂಗಡಿಯೊಂದು ಇಂದಿರಾನಗರದ 12ನೇ ಮೇನ್‌ನಲ್ಲಿದ್ದದ್ದನ್ನು ಹುಡುಕಿಕೊಂಡು, ಎದುರಿನ ಹೊಂಗೆ ಮರದ ಕೆಳಗೆ ನೋಟ್‌ಬುಕ್ ಹಿಡಿದು ನಿಂತೆ. ಸಂಜೆ ಐದರಿಂದ ಒಂಬತ್ತು. ನಾಲ್ಕು ಗೀಟು, ಐದನೆಯದು ಅಡ್ಡ. ಮೊದಲ ದಿನ 61 ಜನ ಒಳಗೆ ಹೋದರು. ಹಿಗ್ಗಿದೆ. ಆಮೇಲೆ ನೋಡಿದರೆ 34 ಹೆಲ್ಮೆಟ್ ತೆಗೆಯದ ಡೆಲಿವರಿ ಹುಡುಗರು, ಅದರಲ್ಲೂ ಒಬ್ಬನೇ ನಾಲ್ಕು ಸಲ. ಇಬ್ಬರು ಟಾಯ್ಲೆಟ್ಟಿಗೆ, ಒಬ್ಬ ಚಿಲ್ಲರೆಗೆ. ಎರಡನೆಯ ದಿನ ಏಳು ಗಂಟೆಗೆ ದೊಡ್ಡ ಮಳೆ ಹೊಡೆಯಿತು, ಒಂದೇ ಏಟಿಗೆ ಹದಿನಾರು ಜನ ನುಗ್ಗಿದರು. ನಾನು ನೆನೆಯುತ್ತಲೇ ಮೂರು ಕಟ್ಟು ಗೀಟು ಹಾಕಿ, ಮೇಲೊಂದು ಸೇರಿಸಿದೆ. ಮಳೆ ನಿಂತಿತು, ಹದಿನಾರೂ ಜನ ಬರಿಗೈಯಲ್ಲಿ ಹೊರಬಂದರು. ಎಲ್ಲವನ್ನೂ ಹೊಡೆದುಹಾಕಿದೆ. ಪಕ್ಕದ ಬಟ್ಟೆ ಅಂಗಡಿಯ ಸೆಕ್ಯೂರಿಟಿ ನನ್ನನ್ನೇ ನೋಡುತ್ತಿದ್ದವನು ಬಂದು, "ನಮ್ಮ ಸಾಹೇಬರ ಲೋನ್ ವಿಷಯನಾ?" ಅಂತ ವಿಚಾರಿಸಿಕೊಂಡು ಹೋದ.

ಐದನೆಯ ದಿನ ಶುಕ್ರವಾರ. ಕಾಲು ನೋಯುತ್ತಿತ್ತು. ಎಣಿಸಿದ್ದು ಸಾಕು, ಒಂದು ತಿಂದಾದರೂ ನೋಡೋಣ ಅಂತ ರಸ್ತೆ ದಾಟಿ ಒಳಗೆ ಹೋದೆ. ಕೌಂಟರಿನ ಹಿಂದೆ ನನ್ನ ವಯಸ್ಸಿನವರೇ ಒಬ್ಬರು, ಕಂಪನಿ ಕೊಟ್ಟ ಹಳದಿ ಟೀ-ಶರ್ಟ್ ಹೊಟ್ಟೆಯ ಮೇಲೆ ಬಿಗಿದಿತ್ತು, ತಲೆಯ ಮೇಲೆ ಅದೇ ಬಣ್ಣದ ಟೋಪಿ. ನನ್ನನ್ನು ಕಂಡವರೇ ಗಡಬಡಿಸಿ ಹೊರಬಂದು, ಕುರ್ಚಿ ಎಳೆದು ಕೂರಿಸಿದರು. ನೀರು ತರಿಸಿದರು. ನಾನು ಕೇಳುವ ಮೊದಲೇ ದೊಡ್ಡದೊಂದು ಬರ್ಗರ್, ಪಕ್ಕದಲ್ಲಿ ಫ್ರೈಸ್ ಬಂತು. ಪರ್ಸಿಗೆ ಕೈ ಹಾಕಿದರೆ, "ಅಯ್ಯೋ, ದುಡ್ಡೆಲ್ಲ ಯಾಕೆ ಸಾರ್" ಅಂದರು.

ಆಮೇಲೆ ಟೋಪಿ ತೆಗೆದು, ಎದುರಿಗೆ ಕೂತು, ಹುಡುಗರಿಗೆ ಕೇಳದ ಹಾಗೆ ಮುಂದಕ್ಕೆ ಬಾಗಿದರು.

"ಐದು ದಿನದಿಂದ ಎದುರುಗಡೆ ನಿಂತು ಬರ್ಕೊತಿದ್ದೀರಿ, ನೋಡ್ತಾನೇ ಇದ್ದೀನಿ. ಹೆಡ್ ಆಫೀಸಲ್ಲಿ ಒಂದು ಮಾತು ಹೇಳ್ಬಿಡಿ ಸಾರ್. ಈ ತಿಂಗಳ ರಾಯಲ್ಟಿ ಹತ್ತು ದಿನ ತಡ ಆಗುತ್ತೆ. ಒಂದು ಎಫ್‌ಡಿ ಇದೆ, ಅದನ್ನ ಮುರಿಸ್ತಾ ಇದ್ದೀನಿ."